ಸೇತುರಾಮರ ಒಂದೇ ಒಂದು ಚಿತ್ರ

"ಬೇಡ ಅಂದ್ರೆ ಬೇಡ. ಆ ಕ್ಯಾಮೆರಾ ಚೀಲದೊಳಗಿಡಿ," ಎನ್ನುತ್ತ ಪಂಕಜಾ ಸ್ಟುಡಿಯೋದವನಿಗೆ ಅಡ್ಡ ನಿಂತುಬಿಟ್ಟರು. ಫ್ಲ್ಯಾಶ್ ಜೋಡಿಸಿಕೊಂಡು ನಡುಮನೆಗೆ ಕಾಲಿಡುತ್ತಿದ್ದ ಅವನು ಪೆಚ್ಚಾಗಿ ಹಿಂದಕ್ಕೆ ಸರಿದ.

ಅವನನ್ನು ಕರೆಸಿದ್ದು ಪಕ್ಕದ ಮನೆಯ ಅಂಜನಮ್ಮ. ಅವರದೇನೂ ತಪ್ಪಿಲ್ಲ. ಹೋದವರದೊಂದು ಕೊನೆಯ ಫೋಟೋ ತೆಗೆಸುವುದು ರಾಜಾಜಿನಗರದಲ್ಲಿ ಆಗ ಎಲ್ಲರೂ ಮಾಡುತ್ತಿದ್ದುದೇ.

"ಗೋಡೆ ಮ್ಯಾಲೆ ಹಾಕಾಕೆ ಒಂದು ಪಟ ಬ್ಯಾಡ್ವಾ ಪಂಕಜಮ್ಮ? ನಾಳೆ ಹೂವು ಎಲ್ಲಿಗೆ ಹಾಕ್ತೀರಿ?"

"ಮೂಗಿಗೆ ಹತ್ತಿ ಇಟ್ಟಿರೋ ಮುಖಾನ ದಿನಾ ಬೆಳಗೆದ್ದು ನೋಡ್ಲಾ ನಾನು? ನಗ್ತಾ ಇದ್ದ ಮುಖ ಬೇಕು. ಇವರು ಈ ಮನೆಯಿಂದ ಹೊರಡೋಷ್ಟರಲ್ಲಿ ಬೇಕು. ಇವರೂ ಇಲ್ಲ, ಗೋಡೆನೂ ಬರಿದು ಅಂದ್ರೆ, ಸಂಜೆ ನಾನು ಯಾವ ಕಡೆ ತಿರುಗಿ ಕೂತ್ಕೊಳ್ಲಿ?"

ಅಂಥ ಫೋಟೋ ಮನೆಯಲ್ಲಿರಲಿಲ್ಲ. ಸೇತುರಾಮರು ಯಾವಾಗಲೂ ಕ್ಯಾಮೆರಾದ ಹಿಂದೆಯೇ ನಿಲ್ಲುತ್ತಿದ್ದ ಆಸಾಮಿ. ಮದುವೆಯ ಆಲ್ಬಮ್ಮನ್ನು ಹಳೆಯ ಬಾಡಿಗೆ ಮನೆಯ ಗೆದ್ದಲು ಎಂದೋ ತಿಂದು ಮುಗಿಸಿತ್ತು. ಹಿಂದಿನ ಸಂಜೆ ಆಫೀಸಿನಿಂದ ಬಂದು, ಎದೆ ಹಿಡಿದಂತಾಗುತ್ತಿದೆ ಎಂದು ಒರಗಿದವರು ಮತ್ತೆ ಏಳಲಿಲ್ಲ. ಅವರಣ್ಣ ಮೈಸೂರಿನಿಂದ ಬಸ್ಸು ಹತ್ತಿದ್ದರು. ಅಣ್ಣ ಬಂದ ಕೂಡಲೇ ಹರಿಶ್ಚಂದ್ರ ಘಾಟಿಗೆ ಹೊರಡುವುದೆಂದು ಪುರೋಹಿತರು ಹೇಳಿಯಾಗಿತ್ತು.

ಬಾಗಿಲ ಬಳಿ ಕೂತು ಅಳುತ್ತಿದ್ದ ಕೋಕಿಲಾ ತಲೆಯೆತ್ತಿದಳು. ಆಫೀಸಿನಲ್ಲಿ ಸೇತುರಾಮರ ಕೈಕೆಳಗೆ ಕೆಲಸ ಕಲಿತು, ಈಗ ಬಸವೇಶ್ವರನಗರದಲ್ಲಿ ಸಣ್ಣದೊಂದು ಕಂಪ್ಯೂಟರ್ ತರಗತಿ ನಡೆಸುತ್ತಿದ್ದವಳು ಅವಳು.

"ಆಂಟಿ, ಸಾರ್ ಮುಖ ನನ್ನ ಹತ್ರ ಇದೆ. ಫೋಟೋ ಅಲ್ಲ, ಫ್ಲಾಪಿಯಲ್ಲಿದೆ."

"ಅದನ್ನ ನೋಡೋದು ಹೇಗೆ?"

"ಮೊದ್ಲು ಕಂಪೈಲ್ ಮಾಡ್ಬೇಕು," ಎಂದವಳಿಗೆ, ಸಾವಿನ ಮನೆಯಲ್ಲಿ ಇದೆಂಥ ಮಾತಾಡಿದೆ ಎಂದು ತನಗೇ ನಾಚಿಕೆಯಾಯಿತು. ಪಂಕಜಾ ಮಾತ್ರ ಕಣ್ಣೊರೆಸಿಕೊಂಡರು. ಗಂಡನ ಬಾಯಿಂದ ಆ ಪದವನ್ನು ಅವರು ಕೇಳದ ದಿನವಿರಲಿಲ್ಲ.

"ಹಾಗಾದ್ರೆ ಇಲ್ಯಾಕೆ ಕೂತಿದೀಯಾ? ಏಳು, ಹೋಗು."

*

ಚಿತ್ರಗಳನ್ನು ಪರದೆಗೆ ತರುವ, ತಿದ್ದುವ, ಕಾಗದಕ್ಕಿಳಿಸುವ ಒಂದು ಪ್ರೋಗ್ರಾಮ್ ಲೈಬ್ರರಿ ಹೊರದೇಶದ ಯಾವುದೋ ವಿಶ್ವವಿದ್ಯಾಲಯದಿಂದ ಟೇಪಿನಲ್ಲಿ ಬಂದಿತ್ತು. ಮನುಷ್ಯರು ಓದಬಲ್ಲ ಸೋರ್ಸ್ ಸಮೇತ. ಅದನ್ನು ಆಯಾ ಕಂಪ್ಯೂಟರ್ ಮೆಷಿನ್ನಿಗೆ ಅರ್ಥವಾಗುವಂತೆ ಕಂಪೈಲ್ ಮಾಡಿಕೊಳ್ಳಬೇಕು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಒಗ್ಗದು. ಸೇತುರಾಮರು ಮೊದಲು ಆಫೀಸಿನ ಯೂನಿಕ್ಸ್ ಮೆಷಿನ್ನಿನಲ್ಲಿ ಅದನ್ನು ಎಬ್ಬಿಸಿ ಕೂರಿಸಿದರು. ಆಮೇಲೆ ಭಾನುವಾರಗಳೆಲ್ಲ ಅದಕ್ಕೇ ಹೋದವು. ಯಾವ ಕಾಲೇಜಿನವರು ಕರೆದರೂ ಅಲ್ಲಿನ ಮೆಷಿನ್ನಿಗೆ ಅದನ್ನು ಹೊಂದಿಸಿಕೊಡಲು ಬಸ್ಸು ಹತ್ತಿ ಹೊರಟುಬಿಡುವರು.

"ಊರಲ್ಲಿರೋ ಮೆಷಿನ್ನಿಗೆಲ್ಲ ನೀವೇ ಸೂಲಗಿತ್ತೀನಾ?" ಎಂದು ಪಂಕಜಾ ರೇಗುತ್ತಲೇ ಡಬ್ಬಿಗೆ ಚಿತ್ರಾನ್ನ ತುಂಬುವರು.

ಕಂಪನಿಯ ಯಜಮಾನ ಶ್ಯಾಮಸುಂದರರಿಗೂ ಅದು ಅರ್ಥವಾಗುತ್ತಿರಲಿಲ್ಲ. "ಸೋರ್ಸ್ ಯಾಕೆ ಬಿಟ್ಟಿ ಹಂಚ್ತೀರಿ ಸೇತುರಾಮ್? ರೆಡಿ ಮಾಡಿದ ಪ್ರೋಗ್ರಾಮ್ ಕೊಟ್ರೆ ಸಾಲದಾ?"

"ನನಗೂ ಯಾರೋ ಬಿಟ್ಟೀನೇ ಕೊಟ್ಟಿದ್ದು ಸಾರ್. ಮಧ್ಯೆ ನಿಂತು ನಾನ್ಯಾಕೆ ಬೀಗ ಹಾಕ್ಲಿ?"

ಎಂಬತ್ತೆಂಟರಲ್ಲಿ ಆಫೀಸಿನ ಮೆಷಿನ್ನಿಗೆ ಕ್ಯಾಮೆರಾ ಜೋಡಿಸುವ ಕಾರ್ಡು ಬಂದಾಗ, ಪರೀಕ್ಷೆಗೆಂದು ಯಾರಾದರೂ ಅಲ್ಲಾಡದೆ ಕೂರಬೇಕಿತ್ತು. ಹುಡುಗರೆಲ್ಲ ಕಿಸಕ್ಕೆಂದು ನಕ್ಕು ಕೆಡಿಸಿದರು. ಕೊನೆಗೆ ಕೋಕಿಲಾ ಸೇತುರಾಮರನ್ನೇ ಕುರ್ಚಿಗೆ ತಳ್ಳಿ ಕೂರಿಸಿದಳು. ಕನ್ನಡಕವನ್ನು ಹಣೆಗೇರಿಸಿಕೊಂಡು "ಅಯ್ಯೋ, ನನ್ನದೇನಮ್ಮಾ ನೋಡೋದು" ಎಂದು ಅವರು ನಕ್ಕ ಗಳಿಗೆಯಲ್ಲೇ ಮೆಷಿನ್ ಆ ಮುಖವನ್ನು ಹಿಡಿದಿಟ್ಟಿತು. ಅವಳು ಕೆಲಸ ಬಿಟ್ಟು ಹೊರಟಾಗ ಅವರು ಕೊಟ್ಟ ಉಡುಗೊರೆ ಎರಡು ಫ್ಲಾಪಿ: ಒಂದರಲ್ಲಿ ಸೋರ್ಸ್, ಇನ್ನೊಂದರಲ್ಲಿ ಪರೀಕ್ಷೆಯ ಚಿತ್ರ. "ನಿನ್ನ ಪಿಸಿಗೆ ನೀನೇ ಕಂಪೈಲ್ ಮಾಡ್ಕೋ. ನಾನು ಬಂದು ಮಾಡಿಕೊಟ್ರೆ ನಿನಗೆ ಬರಲ್ಲ." ನಾಳೆ ಮಾಡೋಣ ಎಂದುಕೊಂಡೇ ಅವಳು ಅದನ್ನು ಮುಂದೂಡುತ್ತ ಬಂದಿದ್ದಳು.

*

ಆಫೀಸಿನ ಯೂನಿಕ್ಸ್ ಮೆಷಿನ್ ಕೆಟ್ಟು, ರಿಪೇರಿಗೆಂದು ಬಿಚ್ಚಿ ಹರಡಿತ್ತು. ಇದ್ದದ್ದು ಕೋಕಿಲಾಳ ಪಿಸಿ ಒಂದೇ. ಸಾವಿನ ಮನೆಗೆ ಬಂದಿದ್ದ ಶ್ಯಾಮಸುಂದರರು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅವಳ ತರಗತಿಗೆ ಬಂದರು.

ಕಂಪೈಲರ್ ಮೊದಲು ಒಂದರ ಹಿಂದೊಂದು ತಪ್ಪು ತೋರಿಸಿತು. ಕೋಕಿಲಾ ಮೂಗು ಒರೆಸಿಕೊಳ್ಳುತ್ತ ಒಂದೊಂದನ್ನೇ ತಿದ್ದಿದಳು. ಕೊನೆಗೊಮ್ಮೆ ಪ್ರೋಗ್ರಾಮ್ ಎದ್ದು ನಿಂತಿತು. ಪ್ರಿಂಟರ್ ಕರಕರ ಸದ್ದು ಮಾಡಿ ಕಾಗದವನ್ನು ಹೊರಗೆ ಬಿಟ್ಟಿತು. ಅದರಲ್ಲಿದ್ದ ಮುಖ ಉದ್ದುದ್ದ ಸೀಳುಗಳಾಗಿ ಅದಲುಬದಲಾಗಿತ್ತು. ಕಣ್ಣಿರಬೇಕಾದಲ್ಲಿ ಕಿವಿ, ಕೆನ್ನೆಯ ನಡುವೆ ಅರ್ಧ ಮೂಗು.

"ಇದನ್ನ ಹೆಂಗಮ್ಮಾ ಆ ತಾಯಿಗೆ ಕೊಡೋದು?" ಶ್ಯಾಮಸುಂದರರು ಗಡಿಯಾರ ನೋಡಿದರು. "ಅವರಣ್ಣ ಬಂದಿರ್ತಾರೆ ಕಣಮ್ಮ ಇಷ್ಟೊತ್ತಿಗೆ."

ಕೋಕಿಲಾ ತಲೆ ಹಿಡಿದುಕೊಂಡು ಕೂತಳು. ಆಮೇಲೆ ಅಳುತ್ತಿದ್ದವಳು ನಕ್ಕೇಬಿಟ್ಟಳು.

"ಸಾರ್, ಊಟದ ಪಾಠ!"

"ಯಾವ ಊಟಮ್ಮಾ?"

"ಸೇತುರಾಮ್ ಸಾರ್ ಹೇಳ್ತಿದ್ರಲ್ಲ. ಊಟ ಒಂದೇ, ಆದ್ರೆ ಈ ಮೆಷಿನ್ನಿಗೆ ಮೊದ್ಲು ಹುಳಿ ಆಮೇಲೆ ಸಾರು, ಆ ಮೆಷಿನ್ನಿಗೆ ಮೊದ್ಲು ಸಾರು ಆಮೇಲೆ ಹುಳಿ. ಬಡಿಸೋರು ಕೇಳಿಕೊಂಡು ಬಡಿಸ್ಬೇಕು ಅಂತ. ಚಿತ್ರ ಯೂನಿಕ್ಸ್‌ದು, ನನ್ನದು ಪಿಸಿ. ನಾನು ಕೇಳ್ದೆ ಬಡಿಸಿಬಿಟ್ಟೆ."

ಚಿತ್ರದ ಅಕ್ಕಪಕ್ಕದ ತುಣುಕುಗಳನ್ನು ಮೆಷಿನ್ನಿಗೆ ತಕ್ಕಂತೆ ಅದಲುಬದಲು ಮಾಡುವ ಸಾಲು ಸೋರ್ಸಿನಲ್ಲೇ ಇತ್ತು. ಅವಳು ಅದನ್ನು ಬದಲಿಸಿ ಇನ್ನೊಮ್ಮೆ ಕಂಪೈಲ್ ಮಾಡಿದಳು.

ಪ್ರಿಂಟರಿನಿಂದ ಮೊದಲು ಹಣೆ ಬಂತು, ಆಮೇಲೆ ಹಣೆಯ ಮೇಲಿನ ಕನ್ನಡಕ. ಶ್ಯಾಮಸುಂದರರು ಕುರ್ಚಿಯಿಂದ ಎದ್ದು ನಿಂತರು.

"ಬೀಗ ಹಾಕದೆ ಹೋದಿರಲ್ಲ ಸೇತುರಾಮ್," ಎಂದರು. "ದೊಡ್ಡ ಉಪಕಾರವಾಯ್ತು."

*

ಅವರು ಮರಳುವಷ್ಟರಲ್ಲಿ ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ಮೈಸೂರಿನ ಅಣ್ಣ ಅದರ ಪಕ್ಕ ಕೈಕಟ್ಟಿ ನಿಂತಿದ್ದರು.

"ರಾಹುಕಾಲ ಬರತ್ತೆ ಅಮ್ಮಾ," ಎಂದು ಪುರೋಹಿತರು ಅವಸರಿಸಿದರು.

"ಬರಲಿ," ಎಂದರು ಪಂಕಜಾ.

ಅಂಚಿನುದ್ದಕ್ಕೂ ತೂತುಗಳಿದ್ದ ಆ ಕಾಗದವನ್ನು ಕೋಕಿಲಾ ಬಾಗಿಲಿಗೆದುರಾದ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದಳು. ಹೆಂಗಸರೆಲ್ಲ ಮುಗಿಬಿದ್ದು ನೋಡಿದರು. ಅಂಜನಮ್ಮ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

"ಇದೇನವ್ವಾ, ರಾಗಿ ಚೆಲ್ಲಿದಂಗೈತೆ! ಮಕ ಎಲ್ಲೈತೆ?"

ಪಂಕಜಾಗೂ ಕಂಡದ್ದು ಬರೀ ಕಪ್ಪು ಚುಕ್ಕಿಗಳು.

"ಆಂಟಿ, ಹತ್ರದಿಂದ ಕಾಣಲ್ಲ," ಎಂದು ಕೋಕಿಲಾ ಅವರ ಭುಜ ಹಿಡಿದಳು. "ಹಿಂದಕ್ಕೆ ಬನ್ನಿ. ಇನ್ನೂ ಹಿಂದಕ್ಕೆ."

ಪಂಕಜಾ ಗೋಡೆಯಿಂದ ಕಣ್ಣು ಕೀಳದೆ, ಮಲಗಿದ್ದ ಗಂಡನನ್ನು ಬಳಸಿಕೊಂಡು ಹಿಂದೆ ಸರಿದರು. ಹೊಸಿಲು ದಾಟಿದರು. ಅಂಗಳದಲ್ಲಿದ್ದವರು ದಾರಿ ಬಿಟ್ಟರು. ಅಲ್ಲಿ ನಿಂತಾಗ, ಕನ್ನಡಕ ಹಣೆಗೇರಿಸಿಕೊಂಡು ಸೇತುರಾಮರು ಗೋಡೆಯಲ್ಲಿ ನಗುತ್ತಿದ್ದರು.

"ಬಂದ್ರು," ಎಂದರು ಪಂಕಜಾ.

ಅಂಜನಮ್ಮ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಬಂದರು. ಅವರ ಹಿಂದೆ ಉಳಿದ ಹೆಂಗಸರು, ಕೊನೆಗೆ ಪುರೋಹಿತರೂ ಬಂದರು. ಒಳಗೆ ಸೇತುರಾಮರೊಬ್ಬರೇ ಉಳಿದರು. ಅಂಗಳ ಸಾಲದೆ ಜನ ಬೀದಿಗಿಳಿದರು. ಎಲ್ಲರೂ ಮನೆಯ ಕಡೆಗೇ ಮುಖ ಮಾಡಿಕೊಂಡು, ಒಬ್ಬರ ಕಾಲು ಒಬ್ಬರು ತುಳಿಯದಂತೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದರು.