ಬಸವ್ವ ಸೀಯಿಸಿದ ರೊಟ್ಟಿ

“ಥೂ, ಕೈ ತೆಗಿಯೇ. ರೊಟ್ಟಿ ಕಸ್ಟಮರ್ಸ್‌ಗೆ. ನಿನ್ನ ನೂಡಲ್ಸ್ ಅಲ್ಲಿದೆ ನೋಡು.”

ವಿದ್ಯಾವತಿ ಹಾಗೆಂದಾಗ ಬಸವ್ವನ ಕೈಯಲ್ಲಿದ್ದದ್ದು ಅಂಚು ಮುರಿದ ಒಂದು ರೊಟ್ಟಿ. ಬಡಿದವಳೂ ಅವಳೇ, ಬೇಯಿಸಿದವಳೂ ಅವಳೇ. ತಿನ್ನುವ ಯೋಗ ಮಾತ್ರ ಮಂದಿಯದು. ಅಮೆರಿಕದ ಡುಲುತ್ ಊರಿನ ಆ ಮನೆಯ ಗ್ಯಾರೇಜಿನಲ್ಲಿ ಕಾರು ನಿಲ್ಲುತ್ತಿರಲಿಲ್ಲ, ಬಸವ್ವ ನಿಲ್ಲುತ್ತಿದ್ದಳು.

“ಬಾಣಂತನಕ್ಕೆ ಮೂರು ತಿಂಗಳು ಬಾ, ನೀನು ನಮ್ಮನೆಯವಳೇ” ಎಂದು ಬಾಗಲಕೋಟೆಯ ಕಡೆಯಿಂದ ಕರೆತಂದಿದ್ದರು. ಈಗ ವಿದ್ಯಾವತಿಯ ಆ ಕೂಸು ಮನೆ ತುಂಬ ಓಡಾಡುತ್ತಿತ್ತು. ಅಷ್ಟರಲ್ಲಿ ಬಸವ್ವನ ರೊಟ್ಟಿ ವಿದ್ಯಾವತಿಯ ವ್ಯಾಪಾರವಾಗಿತ್ತು. ಊರಲ್ಲಿ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಉಂಡು ಕಲ್ಲಿನಂತಿದ್ದ ಮೈ. ಇಲ್ಲಿ ಜೋಳದ ಹಿಟ್ಟು ತುಟ್ಟಿಯೆಂದು ಅವಳಿಗೆ ಬಿಸಿನೀರು ಸುರಿದ ನೂಡಲ್ಸು, ಡಬ್ಬಿ ಸೂಪು, ಬಿಕರಿಯಾಗದ ಉಪ್ಪಿನಕಾಯಿಯ ತಳ. ಕಾಲು ಬಾತವು, ಕಣ್ಣು ಮಂಜಾಯಿತು.

“ಅಕ್ಕಾರ, ಒಮ್ಮಿ ದವಾಖಾನಿಗೆ ತೋರಸ್ರಿ. ತಲಿ ಸೀಳ್ತೈತಿ.”

“ಇಲ್ಲಿ ಇನ್ಶೂರೆನ್ಸ್ ಇಲ್ದೆ ಯಾರೂ ನೋಡಲ್ಲ ಬಸವ್ವ. ನಮ್ಮ ಕನ್ನಡದೋರ ಹೆಲ್ತ್ ಮೇಳಕ್ಕೆ ದತ್ತಾತ್ರೇಯ ಅಂಕಲ್ ಬರ್ತಾರೆ, ನಮ್ಮೋರೇ ಡಾಕ್ಟ್ರು. ಚೆಕ್ ಮಾಡಿಸ್ತೀನಿ, ಪ್ರಾಮಿಸ್.”

ಆ ಮಾತನ್ನು ಬಸವ್ವ ಸೆರಗಿನ ಗಂಟಿನಂತೆ ಜೋಪಾನ ಮಾಡಿದಳು.

ಹಿಂದೊಮ್ಮೆ ದವಾಖಾನೆಯೇ ಬಾಗಿಲಿಗೆ ಬಂದಿತ್ತು. ಕಣ್ಣು ಕತ್ತಲಿಟ್ಟು ಅವಳು ಗೋಡೆಗೊರಗಿದಾಗ ರೊಟ್ಟಿ ಸೀದು, ಹೊಗೆಗೆ ಚಾವಣಿಯ ಅಲಾರಂ ಬಡಿದುಕೊಂಡು, ಬೆಂಕಿ ಆರಿಸುವ ಕೆಂಪು ಗಾಡಿಯೂ ಅದರ ಬೆನ್ನಿಗೆ ಆಂಬುಲೆನ್ಸೂ ಬಂದು ನಿಂತಿದ್ದವು. ವಿದ್ಯಾವತಿ ಅವಳನ್ನು ಮೇಲಿನ ಬಚ್ಚಲಿಗೆ ತಳ್ಳಿದ್ದಳು. ಆ ಮಂದಿ ಅಂಗಳದಲ್ಲಿ ಹೊಗೆಗೆ ಕೆಮ್ಮುತ್ತಿದ್ದ ಪಕ್ಕದ ಮನೆ ಮುದುಕನ ತೋಳಿಗೆ ಬಿಪಿ ಪಟ್ಟಿ ಸುತ್ತಿ ನೋಡಿದ್ದನ್ನು ಬಸವ್ವ ಕಿಟಕಿಯಿಂದ ಕಂಡಿದ್ದಳು. ಅವನನ್ನು ಯಾರೂ ಇನ್ಶೂರೆನ್ಸ್ ಕೇಳಿದಂತೆ ಕಾಣಲಿಲ್ಲ.

ಮೇಳದ ದಿನ ವಿದ್ಯಾವತಿ ಇಳಕಲ್ ಸೀರೆ ಉಟ್ಟು ಮೈಕ್ ಹಿಡಿದಳು. “ಈ ದೇಶಕ್ಕೆ ಬಂದ್ಮೇಲೆ ನಮ್ಮ ಡಯಟ್ ಚೇಂಜ್ ಆಯ್ತು. ಪ್ಯಾಕೆಟ್ ಫುಡ್, ಸಾಲ್ಟು. ಅದಕ್ಕೇ ಎಲ್ರಿಗೂ ಬಿಪಿ. ವಾಪಸ್ ರೊಟ್ಟಿಗೆ ಬನ್ನಿ.” ಹಾಲ್ ತುಂಬ ಚಪ್ಪಾಳೆ. ಬಸವ್ವನ ಹೊಟ್ಟೆಯಲ್ಲಿ ಬೆಳಗಿನ ನೂಡಲ್ಸಿತ್ತು.

ಡಾಕ್ಟರರ ಮುಂದೆ ಸಾಲು. ಬಸವ್ವನಿಗಿಂತ ಮೊದಲು ಕಾತ್ಯಾಯಿನಿ ಆಂಟಿ ಕೂತರು. ಬಿಪಿ ಯಂತ್ರ ನೂರೈವತ್ತು ತೋರಿಸಿತು. ದತ್ತಾತ್ರೇಯ ಹುಬ್ಬು ಗಂಟಿಕ್ಕಿದರು. “ಜಾಸ್ತಿ ಇದೆ. ಉಪ್ಪು ಕಟ್ ಮಾಡಿ. ಸೋಮವಾರ ಕ್ಲಿನಿಕ್‌ಗೆ ಬಂದ್ಬಿಡಿ.”

ಆಮೇಲೆ ಬಸವ್ವನ ತೋಳು. ಯಂತ್ರ ನೂರಾ ತೊಂಬತ್ತಾರಕ್ಕೆ ನಿಂತಿತು. ಅವಳಿಗೆ ಅಕ್ಷರ ಬಾರದಿದ್ದರೂ ಫೋನು ಒತ್ತಿ ಒತ್ತಿ ಅಂಕಿ ಗೊತ್ತಿತ್ತು. ಡಾಕ್ಟರು ಯಂತ್ರ ನೋಡಿದರು, ಆಮೇಲೆ ವಿದ್ಯಾವತಿಯ ಮುಖ ನೋಡಿದರು.

“ಇವಳ ವೀಸಾ ಮುಗಿದಿದೆ ಅಂಕಲ್” ಎಂದು ವಿದ್ಯಾವತಿ ಪಿಸುಗುಟ್ಟಿದಳು. “ಹಾಸ್ಪಿಟಲ್ ಅಂದ್ರೆ ನಾವು ಸಿಕ್ಕಾಕ್ಕೋತೀವಿ.”

ಅವರು ಯಂತ್ರ ಆರಿಸಿದರು. “ಸರಿಯಾಗೇ ಇದೆಯಮ್ಮ. ಸ್ವಲ್ಪ ರೆಸ್ಟ್ ತಗೋ.”

“ಅವರದು ನೂರೈವತ್ತಿದ್ರ ಕೆಟ್ಟ, ನಂದು ಅದಕ್ಕಿಂತ ಹೆಚ್ಚಿದ್ರ ಚಲೋ ಏನ್ರಿ ಡಾಕ್ಟರ್ರ?”

ದತ್ತಾತ್ರೇಯ ಮುಂದಿನವರನ್ನು ಕರೆದರು. ಕಾತ್ಯಾಯಿನಿ ಆಂಟಿ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

“ನಡಿ, ರೊಟ್ಟಿ ಡೆಮೋ ಟೈಮಾಯ್ತು” ಎಂದು ವಿದ್ಯಾವತಿ ಹಲ್ಲು ಕಚ್ಚಿದಳು. “ಉಂಡ ಮನೆಗೆ ಎರಡು ಬಗೀಬೇಡ.”

ವಿದ್ಯಾವತಿಯ ಸುಳ್ಳು ಬಸವ್ವನಿಗೆ ಹಳತು. ಆದರೆ ಡಾಕ್ಟರೆಂಬ ಈ ಮನುಷ್ಯನನ್ನು ದೇವರೆಂದು ನಂಬಿ ಇಷ್ಟು ದಿನ ತಲೆ ಹಿಡಿದುಕೊಂಡು ಕಾದಿದ್ದಳು.

ವೇದಿಕೆಯ ಮೇಲೆ ಹಂಚು ಕಾದಿತ್ತು. ಬಸವ್ವ ತಟಪಟ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಫೋನುಗಳು ಮೇಲೆದ್ದವು. ಅವಳು ರೊಟ್ಟಿ ಮಗುಚಲಿಲ್ಲ. ಉರಿ ಏರಿಸಿದಳು.

“ಬಸವ್ವ, ತಿರುಗಿಸು. ಸೀಯ್ತಾ ಇದೆ ಕಣೇ, ದರಿದ್ರದವಳೇ.”

“ಸೀಯ್ಲಿ.”

ಹಿಟ್ಟನ್ನು ಬೊಗಸೆ ಬೊಗಸೆ ಹಂಚಿಗೆ ಸುರಿದಳು. ಕರೀ ಹೊಗೆ ಎದ್ದಿತು. ವಿದ್ಯಾವತಿ ಒಲೆಯ ಕಡೆ ನುಗ್ಗಿದಾಗ ಬಸವ್ವ ರೊಟ್ಟಿ ಮಗುಚುವ ಸಟ್ಟುಗ ಎತ್ತಿದಳು. “ಹತ್ರ ಬಂದ್ರ ಇದರಿಂದ ಬಡೀತೀನಿ, ಭಾಡ್ಯಾನ ಮಗಳ.”

ಚಾವಣಿಯ ಅಲಾರಂ ಕಿರುಚಿಕೊಂಡಿತು. ಜನ ಬಾಗಿಲಿಗೆ ಮುಗಿಬಿದ್ದರು. ಮುಂದೆ ಓಡಿದವರಲ್ಲಿ ಡಾಕ್ಟರೂ ಇದ್ದರು. ಬಸವ್ವ ಉರಿ ಆರಿಸಿ ವೇದಿಕೆಯ ಅಂಚಿಗೆ ಕೂತಳು, ಕುಪ್ಪಸದ ತೋಳು ಮೇಲೇರಿಸಿ, ಬಿಪಿ ಪಟ್ಟಿ ಸುತ್ತಲೆಂದು ಕೈಯನ್ನು ಬಾಗಿಲ ಕಡೆಗೆ ಚಾಚಿದಳು.

“ಅಡುಗೆಮನೆಗೆ ಬಾ, ಬಚ್ಚಿಟ್ಕೋ, ನಿನ್ನ ಕಾಲಿಗೆ ಬೀಳ್ತೀನಿ” ಎಂದು ವಿದ್ಯಾವತಿ ಇನ್ನೊಂದು ಕೈ ಹಿಡಿದು ಜಗ್ಗುತ್ತಿದ್ದಳು.

ಬಸವ್ವ ಅಲುಗಲಿಲ್ಲ. ದೂರದಲ್ಲಿ ಸೈರನ್ ಕೇಳಿಸತೊಡಗಿತ್ತು.