ಜೇಬಿನ ಮೇಲಿನ ಲಾಳಿ

ದೊಡ್ಡ ಮೇಡಂ ಕೋಣೆಯಲ್ಲಿ ನಾಲ್ಕು ಕುರ್ಚಿಗಳಿದ್ದವು. ಆದರೂ ಟೈಲರಮ್ಮನಿಗೆ ಕೂತ್ಕೊಳ್ಳಿ ಅನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಒಂಬತ್ತು ವರ್ಷದಿಂದ ಈ ಶಾಲೆಯ ಸಮವಸ್ತ್ರವನ್ನೆಲ್ಲ ಹೊಲಿದುಕೊಟ್ಟವಳು ಅವಳು. ಯಾವ ಮಗು ಎಷ್ಟು ಉದ್ದ ಬೆಳೆಯಿತು ಅನ್ನುವುದು ಹೆತ್ತವರಿಗಿಂತ ಮೊದಲು ಅವಳ ಟೇಪಿಗೆ ಗೊತ್ತಾಗುತ್ತಿತ್ತು. ಇವತ್ತು ಅದ್ಯಾವುದೂ ಲೆಕ್ಕಕ್ಕಿಲ್ಲ. ಇವತ್ತು ಅವಳು ಮಾತು ಕೇಳದ ಹುಡುಗಿಯೊಬ್ಬಳ ತಾಯಿ, ಅಷ್ಟೇ.

ಆ ಹುಡುಗಿ ಗೋಡೆಯ ಪಕ್ಕ ಸೆಟೆದುಕೊಂಡು ನಿಂತಿದ್ದಳು. ಹತ್ತನೇ ತರಗತಿ. ನೀಲಿ ಅಂಗಿಯ ಎಡ ಜೇಬಿನ ಮೇಲೆ ಕೆಂಪು ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಲಾಳಿ. ಎರಡೂ ತುದಿ ಚೂಪು, ನಡುವೆ ಉಬ್ಬು, ಮಗ್ಗದಲ್ಲಿ ನೂಲು ಹೊತ್ತು ಆಚೀಚೆ ಓಡುತ್ತದಲ್ಲ, ಅದೇ. ಮಿಲ್ಲಿನ ಕಾರ್ಮಿಕ ಸಂಘದ ಗುರುತು ಅದು. ಎರಡು ವರ್ಷದ ಹಿಂದೆ ಮುಷ್ಕರ ನಡೆದಾಗ ಊರಿನ ಗೋಡೆಗಳ ಮೇಲೆಲ್ಲ ಇತ್ತು. ಆಮೇಲೆ ಒಂದು ದಿನ ಮಿಲ್ಲಿನ ಗೋದಾಮಿಗೆ ಬೆಂಕಿ ಬಿತ್ತು, ಒಳಗಿದ್ದ ಕಾವಲುಗಾರ ಹೊರಗೆ ಬರಲಿಲ್ಲ. ಪೊಲೀಸರು ಹನ್ನೊಂದು ಜನರನ್ನು ಹಿಡಿದುಕೊಂಡು ಹೋದರು. ಅವರಲ್ಲಿ ಟೈಲರಮ್ಮನ ಗಂಡನೂ ಒಬ್ಬ. ಇನ್ನೂ ಜೈಲಿನಲ್ಲೇ ಇದ್ದಾನೆ, ಕೇಸು ತೆವಳುತ್ತಲೇ ಇದೆ.

ಈ ವರ್ಷ ಶಾಲೆ ಶುರುವಾದ ದಿನವೇ ಮಗಳು ಅಮ್ಮನ ಮಿಷನ್ನಿನಲ್ಲೇ ಅದನ್ನು ಹೊಲಿದುಕೊಂಡಿದ್ದಳು. ಮನೆಯಲ್ಲಿ ರಂಪವೇ ಆಗಿತ್ತು. "ನಿಮ್ಮಪ್ಪ ಇದನ್ನ ಎದೆಗೆ ಅಂಟಿಸ್ಕೊಂಡು ಎಲ್ಲಿಗೆ ಹೋದ್ರು ಅಂತ ನೋಡಿದೆಯಲ್ಲ, ಸಾಲದಾ?" ಎಂದು ತಾಯಿ ಕೂಗಾಡಿದ್ದಳು. "ಅಪ್ಪ ತಪ್ಪು ಮಾಡಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬರೋಳು ನೀನೇ ಅಲ್ವಾ? ಮತ್ತೆ ಬಚ್ಚಿಡೋದ್ಯಾಕೆ?" ಎಂದು ಮಗಳು ತಿರುಗಿಸಿ ಕೇಳಿದ್ದಳು. ಆಗಿನ ಹೆಡ್‌ಮಾಸ್ತರರು ಪುಕ್ಕಲು ಮನುಷ್ಯ. ಜೇಬು ಕಂಡಾಗಲೆಲ್ಲ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಮುಂದೆ ಹೋಗಿಬಿಡುತ್ತಿದ್ದರು. ಆರು ತಿಂಗಳು ಹಾಗೇ ಕಳೆಯಿತು.

ಆಮೇಲೆ ಹೆಡ್‌ಮಾಸ್ತರರು ನಿವೃತ್ತರಾದರು, ಮಿಲ್ಲಿನ ಯಜಮಾನರು ಶಾಲಾ ಕಮಿಟಿಯ ಅಧ್ಯಕ್ಷರಾದರು, ಈ ಮೇಡಂ ಬಂದರು. ಸಮವಸ್ತ್ರದ ಮೇಲೆ ಶಾಲೆಯ ಗುರುತು ಬಿಟ್ಟು ಬೇರೆ ಗುರುತು ಇರಕೂಡದು ಎಂದು ನೋಟಿಸ್ ಅಂಟಿಸಿದರು. ಹುಡುಗಿ ಕೇಳಲಿಲ್ಲ.

"ನೋಡಮ್ಮ, ಸೋಮವಾರ ಪರೀಕ್ಷೆ," ಎಂದರು ಮೇಡಂ, ಒಂದು ಕಾಗದವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿ. "ಹಾಲ್ ಟಿಕೆಟ್ ಇಲ್ಲಿದೆ. ಆ ಗಲೀಜು ಹೋದರೆ ಕೊಡ್ತೀನಿ. ಇಲ್ಲಾಂದ್ರೆ ಮುಂದಿನ ವರ್ಷ ಬರೀಲಿ."

"ಗಲೀಜಲ್ಲ ಅದು," ಎಂದಳು ಹುಡುಗಿ. "ನಾನು ಯಾರಿಗೂ ಬೈದಿಲ್ಲ, ಕೂಗಾಡಿಲ್ಲ. ಸುಮ್ಮನೆ ಹಾಕ್ಕೊಂಡಿದ್ದೀನಿ. ಅಭಿವ್ಯಕ್ತಿ ಸ್ವಾತಂತ್ರ್ಯ ಅಂತ ನೀವೇ ಪಾಠ ಮಾಡಿದ್ರಿ."

"ಅದು ಐದು ಅಂಕದ ಪ್ರಶ್ನೆ. ಬರೆಯೋದಕ್ಕಾದರೂ ಹಾಲ್ ಟಿಕೆಟ್ ಬೇಕಲ್ಲ?" ಮೇಡಂ ತಮ್ಮ ಮಾತಿಗೆ ತಾವೇ ನಕ್ಕರು. ಮರುಕ್ಷಣ ನಗು ಒರೆಸಿಕೊಂಡು ಬಾಗಿಲ ಕಡೆ ಕೈ ತೋರಿಸಿದರು. "ಇವರಿಗೆ ಆ ಗುರುತು ನೋಡಿ ದಿನಾ ಹೊಟ್ಟೆ ಉರಿಯುತ್ತಲ್ಲ, ಅದು ಯಾವ ಸ್ವಾತಂತ್ರ್ಯ? ಅದನ್ನ ತೆಗೆಸಿ ಅಂತ ಅರ್ಜಿ ಕೊಟ್ಟಿದ್ದಾರೆ."

ಬಾಗಿಲ ಬಳಿ ಶಾಲೆಯ ಆಯಾ ನಿಂತಿದ್ದಳು, ಸತ್ತ ಕಾವಲುಗಾರನ ಹೆಂಡತಿ. ಟೈಲರಮ್ಮ ಅತ್ತ ನೋಡಲಿಲ್ಲ. ಎರಡು ವರ್ಷದಿಂದ ನೋಡಿರಲಿಲ್ಲ. ಎದುರುಬದುರು ಬಂದರೆ ಇಬ್ಬರಲ್ಲಿ ಒಬ್ಬರು ರಸ್ತೆ ದಾಟಿಬಿಡುತ್ತಿದ್ದರು, ಹೆಚ್ಚಾಗಿ ಟೈಲರಮ್ಮನೇ.

"ಅಂಗಿ ಮನೆಗೆ ಒಯ್ತೀನಿ ಮೇಡಂ," ಎಂದಳು ಟೈಲರಮ್ಮ. "ಜೇಬನ್ನೇ ಬಿಚ್ಚಿ ಹೊಸದು ಹಾಕ್ತೀನಿ. ಬರೀ ಲಾಳಿ ಕಿತ್ತರೆ ಸರಿಹೋಗಲ್ಲ, ಬಟ್ಟೆ ಅಂದ್ರೆ..."

"ಬಟ್ಟೆ ಪಾಠ ನನಗೆ ಬೇಡ. ಮನೆಗೆ ಹೋದ್ರೆ ವಕೀಲರು ಬರ್ತಾರೆ, ಪೇಪರಿನವರು ಬರ್ತಾರೆ. ಇಲ್ಲೇ ಬಿಚ್ಚು. ನನ್ನ ಕಣ್ಣೆದುರಿಗೆ."

ಮೈಮೇಲಿರುವ ಬಟ್ಟೆಗೆ ಟೈಲರಮ್ಮ ಯಾವತ್ತೂ ಬ್ಲೇಡು ಹಾಕಿದವಳಲ್ಲ. ಇವತ್ತು ಪರ್ಸಿನಿಂದ ತೆಗೆದಳು. ಮಗಳ ಎದೆಯ ಮೇಲೆ ಎಡಗೈ ಇಟ್ಟಾಗ ಒಳಗೆ ಗುಂಡಿಗೆ ಡವಗುಟ್ಟುತ್ತಿರುವುದು ಬೆರಳಿಗೆ ತಾಗಿತು.

"ಮುಟ್ಟಬೇಡ," ಎಂದಳು ಮಗಳು ಹಲ್ಲು ಕಚ್ಚಿ. "ಬಿಚ್ಚಿದ್ರೆ ನಿನ್ನ ಜೊತೆ ಮಾತೇ ಆಡಲ್ಲ."

"ಆಡಬೇಡ. ಪರೀಕ್ಷೆ ಬರಿ. ಅಲ್ಲಾಡದೆ ನಿಂತ್ಕೊ."

ಹೊಲಿಗೆ ಹಾಳಾದ್ದು ಎಷ್ಟು ಬಿಗಿಯಾಗಿತ್ತೆಂದರೆ ಟೈಲರಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು. ಕಲಿಸಿದವಳು ತಾನೇ ತಾನೆ. ಸಣ್ಣ ಸಣ್ಣ ಹೊಲಿಗೆ, ಒಂದೂ ಸೊಟ್ಟಗಿಲ್ಲ. ಒಂದೊಂದನ್ನೇ ಕತ್ತರಿಸುತ್ತ ಹೋದಳು. ಮಗಳು ಮಾಡಿದ ಒಳ್ಳೆಯ ಕೆಲಸವನ್ನು ತನ್ನ ಕೈಯಾರೆ ಹಾಳು ಮಾಡುತ್ತಿದ್ದೇನೆ ಅನ್ನಿಸಿತು. ಕೊನೆಗೆ ಕೆಂಪು ತುಂಡು ಕಳಚಿ ನೆಲಕ್ಕೆ ಬಿತ್ತು.

ಜೇಬಿನ ಮೇಲೆ ಲಾಳಿ ಹಾಗೇ ಇತ್ತು.

ಒಂಬತ್ತು ತಿಂಗಳ ಬಿಸಿಲು, ಸೋಪು, ಒಗೆಯುವ ಕಲ್ಲು ಸೇರಿ ಅಂಗಿಯ ನೀಲಿಯನ್ನು ಬೂದಿಯ ಬಣ್ಣಕ್ಕೆ ತಂದಿದ್ದವು. ಕೆಂಪು ಬಟ್ಟೆಯ ಅಡಿಯಲ್ಲಿದ್ದ ನೀಲಿ ಮಾತ್ರ ಅಂಗಡಿಯಿಂದ ತಂದ ದಿನದ ಹಾಗೆ ಕಡುವಾಗಿತ್ತು. ಎರಡೂ ತುದಿ ಚೂಪು, ನಡುವೆ ಉಬ್ಬು. ಕೆಂಪು ಇದ್ದಾಗ ಅಷ್ಟು ಚೊಕ್ಕವಾಗಿ ಕಂಡಿರಲಿಲ್ಲ.

"ಅದನ್ನೂ ತೆಗಿ," ಎಂದರು ಮೇಡಂ.

"ಅದು ಹೊಲಿಗೆ ಅಲ್ಲ ಮೇಡಂ, ಬಟ್ಟೆ. ಮಿಲ್ಲಿನದೇ ಬಟ್ಟೆ. ಅದರ ಬಣ್ಣ ನಿಲ್ಲಲ್ಲ ಅಂತ ನಿಮ್ಮ ಕಮಿಟಿಗೆ ಆವತ್ತೇ ಹೇಳಿದ್ದೆ." ಟೈಲರಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಆದ ಖುಷಿ, ಅದನ್ನು ಮುಚ್ಚಿಡಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ. "ನೀವು ಹೇಳಿದ್ದನ್ನ ಬಿಚ್ಚಿದ್ದೀನಿ. ಟಿಕೆಟ್ ಕೊಡಿ."

ಮೇಡಂ ಮುಖ ಕೆಂಪಾಯಿತು. "ಮುಂದಿನ ವರ್ಷ ಸಮವಸ್ತ್ರದ ಕೆಲಸ ನಿನಗಿಲ್ಲ, ತಿಳ್ಕೊ."

"ಬೇಡ. ಟಿಕೆಟ್ ಕೊಡಿ."

ಮೇಡಂ ಆಯಾಳತ್ತ ತಿರುಗಿದರು. "ನೀನೇ ಹೇಳಮ್ಮ. ಹೋಗಿದೆಯಾ ಅದು? ಹೋಗಿದೆ ಅಂತ ನೀನು ಹೇಳು, ಈಗಲೇ ಕೊಡ್ತೀನಿ." ಅವಳೇನು ಹೇಳುತ್ತಾಳೆ ಅನ್ನುವುದು ಗೊತ್ತಿದ್ದವರ ದನಿ.

ಆಯಾ ಹತ್ತಿರ ಬಂದಳು. ಅವಳ ಸೆರಗು ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಜೇಬನ್ನು ಒಂದು ಕ್ಷಣ ನೋಡಿದಳು, ಆಮೇಲೆ ಹುಡುಗಿಯ ಮುಖವನ್ನು ತುಂಬ ಹೊತ್ತು ನೋಡಿದಳು. ಹುಡುಗಿ ಕಣ್ಣು ತಗ್ಗಿಸಲಿಲ್ಲ.

"ಹೋಗಿಲ್ಲ," ಎಂದಳು ಆಯಾ. "ಕೊಟ್ಬಿಡಿ ಟಿಕೆಟ್ಟು."

"ಏನಂದೆ?"

"ಕೊಡಿ ಅಂದೆ. ಇವಳನ್ನ ನಿಲ್ಲಿಸ್ಕೊಂಡ್ರೆ ಇನ್ನೊಂದು ವರ್ಷ ಇಲ್ಲೇ ಇರ್ತಾಳೆ. ಬೆಳಗ್ಗೆ ಗೇಟು ತೆಗೆಯೋಳು ನಾನು, ನೀವಲ್ಲ. ಲಾಳಿ ಇದ್ರೂ ಅಷ್ಟೇ, ಬಿಟ್ರೂ ಅಷ್ಟೇ, ಇದು ಇವಳಪ್ಪನದೇ ಮುಖ. ದಿನಾ ನೋಡೋಕೆ ನನ್ನ ಕೈಲಾಗಲ್ಲ. ಪಾಸಾಗ್ಲಿ, ಹಾಳಾಗ್ಲಿ, ಕಣ್ಣಿಂದ ಮರೆಯಾಗ್ಲಿ." ಉಸಿರು ತೆಗೆದುಕೊಂಡಳು. "ಆ ಅರ್ಜೀನೂ ಹರಿದು ಹಾಕಿ. ಬರೆದೋರು ನೀವು, ನಾನು ಬರೀ ಹೆಬ್ಬೆಟ್ಟು ಒತ್ತಿದ್ದು. ಯಾರು ಕೇಳಿದ್ರೂ ಹಾಗೇ ಹೇಳ್ತೀನಿ."

ಮೇಡಂ ಹಾಲ್ ಟಿಕೆಟ್ಟನ್ನು ಮೇಜಿನಾಚೆಗೆ ತಳ್ಳಿದರು. ಟೈಲರಮ್ಮ ಎತ್ತಿಕೊಂಡಳು. ಆಯಾಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಆಯಾ ಅಷ್ಟರಲ್ಲಿ ಬೆನ್ನು ಹಾಕಿ ಹೊರಟಾಗಿತ್ತು.

ಆಟದ ಮೈದಾನದ ಅರ್ಧದವರೆಗೆ ತಾಯಿ ಮಗಳು ನಡೆದರು. ಗೆದ್ದು ಬಂದವರ ನಡಿಗೆ ಅದಾಗಿರಲಿಲ್ಲ. ನಲ್ಲಿಯ ಹತ್ತಿರ ಹುಡುಗಿ ನಿಂತಳು. ಇಷ್ಟು ಹೊತ್ತು ಸೆಟೆದುಕೊಂಡಿದ್ದ ಭುಜ ಇಳಿದುಹೋಗಿತ್ತು.

"ಅಮ್ಮ," ಎಂದಳು. "ಬೆಂಕಿ ಬಿದ್ದ ದಿನ ಅಪ್ಪ ಅಲ್ಲಿದ್ರಾ?"

ಇರಲಿಲ್ಲ ಅನ್ನುವ ಮಾತು ಟೈಲರಮ್ಮನ ನಾಲಗೆಯ ತುದಿಗೇ ಬಂದಿತ್ತು. ಪೊಲೀಸರಿಗೆ, ವಕೀಲರಿಗೆ, ನೆಂಟರಿಗೆ ಹೇಳಿ ಹೇಳಿ ರೂಢಿಯಾದ ಮಾತು. ಮಗಳ ಮುಖ ನೋಡಿದಳು, ಆಯಾ ನೋಡಿದ್ದು ಅದೇ ಮುಖವನ್ನು.

"ಗೊತ್ತಿಲ್ಲ ಕಣೇ," ಎಂದಳು. "ನಾನು ಯಾವತ್ತೂ ಕೇಳಲೇ ಇಲ್ಲ."