ದಕ್ಷಿಣದ ಇಳಿಜಾರು

ನಕ್ಷೆ ಅಕ್ಕ ಹುಟ್ಟಿದ ಮೇಲೆ ಏಣಿ ಹತ್ತಿದವಳಲ್ಲ. ಆದರೆ ಅವಳು ಗೆರೆ ಎಳೆದುಕೊಡದೆ ಆ ಸೋಲಾರ್ ಕಂಪನಿಯವರು ಒಂದು ಛಾವಣಿಯ ಮೇಲೂ ಕಾಲಿಟ್ಟಿರಲಿಲ್ಲ. ಯಾರದೋ ಮನೆ, ಯಾರದೋ ಗೋಡೌನು, ಯಾರದೋ ಆಸ್ಪತ್ರೆ, ಎಲ್ಲದರ ಛಾವಣಿಯನ್ನೂ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಬರೆದು, ಪ್ಯಾನೆಲ್ ಎಲ್ಲಿ ಕೂರಬೇಕು, ಬೋಲ್ಟು ಎಲ್ಲಿ ಇಳಿಯಬೇಕು ಎಂದು ಗುರುತು ಹಾಕುವುದು ಅವಳ ಕೆಲಸ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಆಫೀಸಿಗೆಲ್ಲ ಅವಳು ನಕ್ಷೆ ಅಕ್ಕ.

ಆ ಕಂಪನಿಗೆ ವರ್ಷಕ್ಕೊಮ್ಮೆ ಪುಣ್ಯ ಕಟ್ಟಿಕೊಳ್ಳುವ ಹುಕಿ ಬರುತ್ತಿತ್ತು. ಕೆಲಸದವರಲ್ಲೇ ಕೆಲವರನ್ನು ಆರಿಸಿ, ಒಂದೇ ಬಣ್ಣದ ಟೀಶರ್ಟು ತೊಡಿಸಿ, ಕರೆಂಟಿನ ಮುಖ ಸರಿಯಾಗಿ ಕಾಣದ ಯಾವುದಾದರೂ ದೂರದೇಶದ ಶಾಲೆಗೆ ಕಳಿಸುವುದು. ಅವರು ಪುಕ್ಕಟೆಯಾಗಿ ಸೋಲಾರ್ ಹಾಕಿಕೊಟ್ಟು, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ವಾಪಸು ಬರುವುದು. ಕೆಲಸ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಫೋಟೋದ ಗಲಾಟೆ ಮಾತ್ರ ಸ್ವಲ್ಪ ಅತಿ. ಈ ಸಲ ನಕ್ಷೆ ಅಕ್ಕ ತಾನಾಗಿಯೇ ಕೈ ಎತ್ತಿದ್ದಳು. ಇಷ್ಟು ವರ್ಷ ಗೆರೆ ಎಳೆದದ್ದೇ ಬಂತು, ಒಂದು ಗೆರೆಯಾದರೂ ದೀಪವಾಗಿ ಉರಿಯುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ.

ಗಂಡ ಹೋಗಿ ಬಾ ಅಂದ. ಅತ್ತೆ ಸುಮ್ಮನಿರುವ ಪೈಕಿಯಲ್ಲ. "ನಮ್ಮನೆ ಬಾತ್‌ರೂಮಿನ ಬಲ್ಬು ಹೋಗಿ ತಿಂಗಳಾಯ್ತು, ಈಯಮ್ಮ ಪರದೇಶಕ್ಕೆ ಬೆಳಕು ಕೊಡೋಕೆ ಹೊರಟಿದ್ದಾಳೆ," ಎಂದು ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ಹೇಳಿ, ಆಮೇಲೆ ತಮ್ಮ ದಪ್ಪ ಸ್ವೆಟರನ್ನೇ ಮಡಚಿ ಸೊಸೆಯ ಪೆಟ್ಟಿಗೆಗೆ ತುರುಕಿದ್ದರು.

ತಂಡದ ಮುಂದಾಳು ಗಡಿಬಿಡಿ. ಅವನನ್ನು ಹಾಗೆ ಕರೆಯುವುದಕ್ಕೆ ಕಾರಣ ಹೇಳಬೇಕಾಗಿಲ್ಲ. ಕೆಲಸ ಕಲಿತದ್ದು ಅಕ್ಕನ ಪಕ್ಕದ ಮೇಜಿನಲ್ಲಿ, ಈಗ ಅಕ್ಕನಿಗೇ ಮೇಲಧಿಕಾರಿ. ಆದರೂ 'ಅಕ್ಕಾ' ಅನ್ನುವುದನ್ನು ಬಿಟ್ಟಿರಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯ ಹುಡುಗ.

ಶಾಲೆ ಎಂದರೆ ಉದ್ದಕ್ಕೆ ಚಾಚಿಕೊಂಡ ಒಂದೇ ಕಟ್ಟಡ. ತಗಡಿನ ಛಾವಣಿ ನಡುವೆ ಎತ್ತರ, ಆಚೆಗೊಂದು ಈಚೆಗೊಂದು ಇಳಿಜಾರು. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಶಾಲೆಯ ಮುಖ್ಯಸ್ಥೆಯನ್ನು ಮಕ್ಕಳಂತೆ ಇವರೂ ದೊಡ್ಡ ಟೀಚರ್ ಎಂದೇ ಕರೆದರು. ಎತ್ತರದ ಹೆಂಗಸು, ಮೆತ್ತಗಿನ ಮಾತು. ಅವರಿಗೂ ಇವರಿಗೂ ನಡುವೆ ಇದ್ದದ್ದು ಇಬ್ಬರೂ ಶಾಲೆಯಲ್ಲಿ ಕಲಿತ ಪರಭಾಷೆ. ಅದರಲ್ಲೇ ಹೇಗೋ ಮಾತು ಸಾಗುತ್ತಿತ್ತು. ಬಂದ ದಿನವೇ ಅವರು ಅಕ್ಕನನ್ನು ಪಕ್ಕಕ್ಕೆ ಕರೆದು ಒಂದು ವಿಷಯ ಕೇಳಿದ್ದರು.

"ಮಕ್ಕಳ ತಾಯಂದಿರಿಗೆ ಓದು ಬರಲ್ಲ. ಕೂಲಿ ಮುಗಿಸಿ ಬರೋ ಹೊತ್ತಿಗೆ ಇಲ್ಲಿ ಕತ್ತಲೆ. ಅವರಿಗೆ ದಿನಾ ಸಂಜೆ ಪಾಠ ಮಾಡ್ಬೇಕು ಅಂತ ನನ್ನಾಸೆ. ಚಳಿಗಾಲದಲ್ಲೂ ದೀಪ ದಿನಾ ಉರಿಯುತ್ತಾ?"

"ದಿನಾ ಉರಿಯುತ್ತೆ. ನಾನು ಹೇಳ್ತಿದೀನಲ್ಲ," ಅಂದಿದ್ದಳು ಅಕ್ಕ, ಎದೆ ತಟ್ಟಿಕೊಂಡು. ತನ್ನ ನಕ್ಷೆಯ ಮೇಲೆ ಅವಳಿಗೆ ಅಷ್ಟು ಭರವಸೆ.

ಅಲ್ಲಿ ಆಗ ಚಳಿಗಾಲ, ವಾರವೆಲ್ಲ ಮೋಡ. ಆ ಮೋಡದಡಿಯಲ್ಲೇ ಹುಡುಗರು ಕಂಬಿ ಜೋಡಿಸಿ, ನಕ್ಷೆಯಲ್ಲಿದ್ದ ಹಾಗೇ ಪ್ಯಾನೆಲ್ಲುಗಳನ್ನೆಲ್ಲ ದಕ್ಷಿಣದ ಇಳಿಜಾರಿಗೆ ಬಿಗಿದರು. ಮೀಟರಿನ ಮುಳ್ಳು ಸೋಮಾರಿಯಾಗಿ ಕೆಳಗೇ ಬಿದ್ದುಕೊಂಡಿತ್ತು. ಮೋಡ ಇದೆಯಲ್ಲ, ಇನ್ನೇನಾಗುತ್ತದೆ ಅಂದುಕೊಂಡರು. ಮರುದಿನ ಉದ್ಘಾಟನೆ ಅನ್ನುವಾಗ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಯಿತು. ಅಕ್ಕ ಬೆಳಿಗ್ಗೆಯೇ ಬಟ್ಟೆ ಒಗೆದು ಶಾಲೆಯ ಹಿಂದಿನ ತಂತಿಗೆ ಹಾಕಿ, ದಿನವಿಡೀ ತರಗತಿಗಳ ಒಳಗೆ ಸ್ವಿಚ್ಚುಗಳಿಗೆ ಚೀಟಿ ಅಂಟಿಸುತ್ತಾ, ಬ್ಯಾಟರಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಟೀಚರುಗಳಿಗೆ ಹೇಳಿಕೊಡುತ್ತಾ ಕಳೆದಳು. ಸಂಜೆ ಬಂದು ಮುಟ್ಟಿದರೆ ಬಟ್ಟೆ ತಣ್ಣಗೆ, ಒದ್ದೆ. ಅಷ್ಟರಲ್ಲಿ ಅತ್ತೆಯ ಫೋನು.

"ಸ್ವೆಟರ್ ಹಾಕ್ಕೊಂಡಿದೀಯಾ?"

"ಹಾಕ್ಕೊಂಡಿದೀನಿ ಅತ್ತೆ. ಆದ್ರೆ ಒಗೆದಿದ್ದು ಒಂದೂ ಒಣಗಿಲ್ಲ. ನಾಳೆ ಹಾಕ್ಕೊಳ್ಳೋ ಟೀಶರ್ಟಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ."

"ಮೋಡಾನಾ?"

"ಇಲ್ಲ, ಇವತ್ತು ಕಣ್ಣು ಬಿಡೋಕಾಗದ ಬಿಸಿಲು."

"ಬಿಸಿಲಿದ್ದೂ ಒಣಗಿಲ್ಲ ಅಂದ್ರೆ ನೆರಳಲ್ಲಿ ಹಾಕಿದೀಯ. ಇದಕ್ಕೂ ಇಂಜಿನಿಯರ್ ಬೇಕೇನೇ?"

"ನೆರಳಲ್ಲಿ ಯಾಕೆ ಹಾಕ್ತೀನಿ? ದಕ್ಷಿಣಕ್ಕೇ ಹಾಕಿದೀನಿ, ನಮ್ಮನೆ ಬಾಲ್ಕನಿ ಥರಾನೇ."

"ಹಾಗಾದ್ರೆ ಬಟ್ಟೆ ಸುಳ್ಳು ಹೇಳ್ತಿದ್ಯಾ?"

ಅಕ್ಕ ಫೋನನ್ನು ಕಿವಿಯಿಂದ ಇಳಿಸಿದಳು. ಅವಳು ತಲೆಯೆತ್ತಿ ನೋಡಿದಳು. ಕಟ್ಟಡದ ನೆರಳು ಹಿತ್ತಲಿನುದ್ದಕ್ಕೂ ಬಿದ್ದಿತ್ತು. ಮಣ್ಣಿನ ಹಸಿ ನೋಡಿದರೆ ಬೆಳಗಿನಿಂದ ಅಲ್ಲಿ ಬಿಸಿಲು ಬಿದ್ದೇ ಇರಲಿಲ್ಲ. ಅವಳ ಊರಿನಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಹೋಗುತ್ತಾನೆ, ಹಾಗಾಗಿ ಪ್ಯಾನೆಲ್ಲುಗಳೆಲ್ಲ ದಕ್ಷಿಣಕ್ಕೆ. ಈ ದೇಶ ಇರುವುದು ಭೂಮಧ್ಯರೇಖೆಯ ಆಚೆ. ಇಲ್ಲಿ ಸೂರ್ಯ ವಾಲುವುದು ಉತ್ತರಕ್ಕೆ. ಶಾಲೆಯ ಮಕ್ಕಳ ಭೂಗೋಳದ ಪಾಠ ಇದು. ಸಾವಿರ ಛಾವಣಿ ಬರೆದ ಕೈ, ಯೋಚಿಸದೆ ಇದನ್ನೂ ದಕ್ಷಿಣಕ್ಕೇ ತಿರುಗಿಸಿತ್ತು. ನೋಡಿದವರ, ಸಹಿ ಹಾಕಿದವರ ಕಣ್ಣಿಗೂ ಅದೇ ಅಭ್ಯಾಸವಾಗಿದ್ದರಿಂದ ಯಾರಿಗೂ ಏನೂ ಅನ್ನಿಸಿರಲಿಲ್ಲ. ತಾನು ಎದೆ ತಟ್ಟಿಕೊಂಡು ಕೊಟ್ಟ ಮಾತು ನೆನಪಾಗಿ ಮುಖ ಬಿಸಿಯೇರಿತು.

ಗಡಿಬಿಡಿ ಬ್ಯಾನರು ಕಟ್ಟಿಸುತ್ತಿದ್ದ. ಅವಳು ಹೇಳಿದ್ದನ್ನು ಕೇಳಿ ಅವನು ಒಮ್ಮೆ ಛಾವಣಿ ನೋಡಿದ, ಒಮ್ಮೆ ಮುಳುಗುವ ಸೂರ್ಯನನ್ನು ನೋಡಿದ, ಆಮೇಲೆ ನೆತ್ತಿಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದ.

"ಒಂಚೂರೂ ಕೆಲಸ ಮಾಡಲ್ವಾ ಅಕ್ಕಾ?"

"ಮಾಡುತ್ತೆ. ಬೇಸಿಗೇಲಿ ಚೆನ್ನಾಗೇ ಮಾಡುತ್ತೆ. ದೀಪ ಬೇಕಿರೋ ಚಳಿಗಾಲದಲ್ಲಿ ಕಾಲು ಭಾಗನೂ ಬರಲ್ಲ. ನಾಳೆ ಬೆಳಿಗ್ಗೆಯಿಂದ ಎಲ್ಲರೂ ಸೇರಿ ಬಿಚ್ಚಿದ್ರೆ ಸಂಜೆಯೊಳಗೆ ಆ ಕಡೆಗೆ ಹಾಕಬಹುದು."

"ನಾಳೆ ಬೆಳಿಗ್ಗೆ ದೊಡ್ಡ ಸಾಹೇಬರು ಹೆಡ್ಡಾಫೀಸಿಂದ ವಿಡಿಯೋದಲ್ಲಿ ಬಂದು ಸ್ವಿಚ್ ಹಾಕಿಸ್ತಾರೆ! ನಾಡಿದ್ದು ಬೆಳಗಾಗೋ ಮುಂಚೆ ನಮ್ಮ ಬಸ್ಸು." ಅವನು ದನಿ ತಗ್ಗಿಸಿದ. "ನೋಡಿ, ನಾನು ನನಗೋಸ್ಕರ ಹೇಳ್ತಿಲ್ಲ. ನಕ್ಷೆ ನಿಮ್ಮದು. ಮೊದಲ ಕಲ್ಲು ನಿಮ್ಮ ತಲೆಗೇ ಬೀಳೋದು. ದೀಪ ಉರಿಯುತ್ತೆ, ಇವರು ಖುಷಿಯಾಗಿದಾರೆ, ಯಾರಿಗೂ ಗೊತ್ತಾಗಲ್ಲ. ಮುಂದಿನ ವರ್ಷ ಬರೋರಿಗೆ ಹೇಳಿ ತಿರುಗಿಸೋಣ."

ಅವನು ಕೆಟ್ಟವನಲ್ಲ. ನಿಜವಾಗಿಯೂ ಅವಳ ಮೇಲಿನ ಅಕ್ಕರೆಯಿಂದಲೇ ಹೇಳುತ್ತಿದ್ದ. ಆ ಮಾತು ಅವಳಿಗೆ ಹಿತವಾಗಿಯೂ ಕೇಳಿಸಿತು, ಸುಳ್ಳು ಯಾಕೆ. ಇಷ್ಟು ವರ್ಷ ಒಂದು ತಪ್ಪು ಗೆರೆ ಇಲ್ಲದ ಹೆಸರು. ನಿವೃತ್ತಿ ಹತ್ತಿರದಲ್ಲಿದೆ. ಯಾರು ಬಂದು ನೋಡುತ್ತಾರೆ?

ಬೆಳಿಗ್ಗೆ ಅವಳು ಒದ್ದೆ ಟೀಶರ್ಟಿನ ಬದಲು ಅತ್ತೆಯ ಸ್ವೆಟರು ಹಾಕಿಕೊಂಡು ದೊಡ್ಡ ಟೀಚರ್ ಕೋಣೆಗೆ ಹೋದಳು. ಏನು ಹೇಳಬೇಕೆಂದು ಆಗಲೂ ಗಟ್ಟಿಯಾಗಿರಲಿಲ್ಲ. ಮೇಜಿನ ಒಂದು ಕಾಲಿಗೆ ಇಟ್ಟಿಗೆ ಕೊಟ್ಟಿತ್ತು. ಕಪಾಟಿನ ಮೇಲೆ ಮಕ್ಕಳಿಂದ ಕಿತ್ತುಕೊಂಡ ಚೆಂಡುಗಳ ರಾಶಿ. ದೊಡ್ಡ ಟೀಚರ್ ಇಸ್ತ್ರಿ ಮಾಡಿದ ಉಡುಪಿನಲ್ಲಿ ನಿಂತು, ಸಾಹೇಬರಿಗೆ ಹೇಳಬೇಕಾದ ಧನ್ಯವಾದವನ್ನು ಬಾಯಿಪಾಠ ಮಾಡುತ್ತಿದ್ದರು. ಅದನ್ನು ನೋಡಿದ ಮೇಲೆ ಅಕ್ಕನಿಗೆ ತಡೆಯಲಾಗಲಿಲ್ಲ.

"ಟೀಚರ್, ನಾನು ತಪ್ಪು ಮಾಡಿದೀನಿ. ಪ್ಯಾನೆಲ್ ತಪ್ಪು ಕಡೆ ಕೂತಿವೆ."

ದೊಡ್ಡ ಟೀಚರ್ ಬಾಯಿಪಾಠ ನಿಲ್ಲಿಸಿದರು. ಬಾಗಿಲಿನ ಕಡೆ ನೋಡಿ, ಮೆಲ್ಲಗೆ ಅಂದರು: "ಗೊತ್ತು."

"ಗೊತ್ತಾ?"

"ನಿಮ್ಮ ಹುಡುಗರು ಆ ಕಡೆ ಏಣಿ ಇಟ್ಟ ದಿನವೇ ಗೊತ್ತಾಯ್ತು. ಚಳಿಗಾಲ ಪೂರ್ತಿ ಆ ಕಡೆ ಬಿಸಿಲಿರಲ್ಲ. ಆ ಗೋಡೆಗೆ ಪಾಚಿ ಕಟ್ಟಿರೋದು ನೋಡಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?" ಅಕ್ಕನ ದನಿ ಬೇಡವೆಂದರೂ ಏರಿತು.

ದೊಡ್ಡ ಟೀಚರ್ ಮೂಲೆಯ ಗೋಡೆ ತೋರಿಸಿದರು. ಅಲ್ಲಿ ಬಣ್ಣ ಮಾಸದ ಒಂದು ಚೌಕ, ನಾಲ್ಕು ಮೂಲೆಗೆ ಸ್ಕ್ರೂ ತೂತು. "ಇಲ್ಲೊಂದು ನೀರು ಶುದ್ಧ ಮಾಡೋ ಯಂತ್ರ ಇತ್ತು. ನಿಮ್ಮ ಹಾಗೇ ಒಳ್ಳೆ ಜನ, ದೂರದಿಂದ ಬಂದು ಕೊಟ್ಟಿದ್ರು. ಅದರ ಪೈಪು ನಮ್ಮ ನಲ್ಲಿಗೆ ಕೂರ್ತಾ ಇರಲಿಲ್ಲ. ಪೈಪು ಬದಲಾಯಿಸಿಕೊಡಿ ಅಂತ ನಾನು ಹೇಳಿದೆ. ಅವರಿಗೆ ಬೇಜಾರಾಯ್ತು. ಕೊಟ್ಟಿದ್ದಕ್ಕೆ ಹೆಸರಿಡ್ತಾರೆ ಅಂತ ಬಿಚ್ಚಿಕೊಂಡು ಹೋಗಿ ಬೇರೆ ಶಾಲೆಗೆ ಕೊಟ್ರು. ಇಡೀ ಊರು ನನ್ನನ್ನ ಬೈದಿತ್ತು."

ಅಕ್ಕ ಆ ಚೌಕದ ಮೇಲೆ ಕೈಯಾಡಿಸಿದಳು.

"ಅದಕ್ಕೇ ಈ ಸಲ ಬಾಯಿ ಬಿಡಲಿಲ್ಲ. ತಾಯಂದಿರಿಗೂ ಹೇಳಿಬಿಟ್ಟಿದೀನಿ, ದಿನಾ ಪಾಠ ಆಗಲ್ಲ, ವಾರಕ್ಕೆ ಒಂದು ದಿನ ಬನ್ನಿ ಅಂತ. ಸಿಕ್ಕಷ್ಟು ಸಾಕು. ನೀವೇನೂ ಮನಸ್ಸಿಗೆ ಹಚ್ಕೋಬೇಡಿ." ಹೀಗೆ ಹೇಳಿ ಅವರು ಅಕ್ಕನನ್ನೇ ಸಮಾಧಾನ ಮಾಡಲು ಹೊರಟರು.

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಈ ಸಮಾಧಾನವನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ತನ್ನ ತಪ್ಪಿನ ಅಳತೆಗೆ ಈ ಹೆಂಗಸು ತನ್ನ ಆಸೆಯನ್ನು ಕತ್ತರಿಸಿಕೊಂಡು, ಮೇಲೆ ಧನ್ಯವಾದ ಬೇರೆ ಬಾಯಿಪಾಠ ಮಾಡುತ್ತಿದ್ದಾಳೆ. ಅಕ್ಕ ಕಣ್ಣೊರೆಸಿಕೊಂಡು ಹೊರಗೆ ಬಂದವಳು ಅಂಗಳದಲ್ಲಿ ನಿಂತಿದ್ದ ಒಂದೇ ಬಣ್ಣದ ಟೀಶರ್ಟುಗಳ ಮುಂದೆ ನಿಂತು, ತರಗತಿಗಳಿಗೂ ಕೇಳುವಂತೆ ಹೇಳಿದಳು.

"ನನ್ನ ನಕ್ಷೆ ತಪ್ಪು. ಇಲ್ಲಿ ಬಿಸಿಲು ಆ ಕಡೆ. ಎಲ್ಲಾ ಬಿಚ್ಚಬೇಕು, ಈಗಲೇ."

ಯಾರೂ ಅಲುಗಾಡಲಿಲ್ಲ. ಎಲ್ಲರೂ ಗಡಿಬಿಡಿಯ ಮುಖ ನೋಡಿದರು, ಗಡಿಬಿಡಿ ತನ್ನ ಬೂಟಿನ ತುದಿ ನೋಡಿಕೊಂಡ. ಅಕ್ಕ ಒಂದು ಸ್ಪ್ಯಾನರು ಎತ್ತಿಕೊಂಡು ಏಣಿಗೆ ಕಾಲಿಟ್ಟಳು. ಕಣ್ಣು ಮುಚ್ಚಿಕೊಂಡು, ತಗಡನ್ನು ಮಗು ತಾಯಿಯನ್ನು ತಬ್ಬಿಕೊಳ್ಳುವ ಹಾಗೆ ತಬ್ಬಿಕೊಂಡು, ಹೇಗೋ ಮೇಲೆ ಸೇರಿದಳು.

"ಅಕ್ಕಾ, ಅದು ಬೋಲ್ಟ್ ಬಿಗಿ ಮಾಡೋ ಕಡೆ! ಬಿಚ್ಚೋದು ಈ ಕಡೆ!" ಎಂದು ಕೆಳಗಿನಿಂದ ಯಾರೋ ಕೂಗಿದರು. ನಗು ಎದ್ದಿತು. ನಗು ಎದ್ದ ಮೇಲೆ ಹುಡುಗರು ನಿಲ್ಲುವುದುಂಟೇ? ಒಬ್ಬರ ಹಿಂದೆ ಒಬ್ಬರು ಹತ್ತಿದರು.

ಸಾಹೇಬರು ಪರದೆಯ ಮೇಲೆ ಬಂದಾಗ ದಕ್ಷಿಣದ ಇಳಿಜಾರು ಬೋಳಾಗಿತ್ತು. ಗಡಿಬಿಡಿ ಮೊದಲು ಸಿಗ್ನಲ್ ಸರಿಯಿಲ್ಲ ಅಂದ. ಆಮೇಲೆ ಅವನಿಗೇ ನಾಚಿಕೆಯಾಯಿತೋ ಏನೋ, ಫೋನನ್ನು ನೆಟ್ಟಗೆ ಛಾವಣಿಗೆ ಹಿಡಿದು, "ಸಾರ್, ತಪ್ಪಾಗಿತ್ತು, ಸರಿ ಮಾಡ್ತಿದೀವಿ. ನಕ್ಷೆ ನೋಡಿ ಸಹಿ ಹಾಕಿದೋನು ನಾನೇ," ಅಂದ. ಸಾಹೇಬರು ಬಹಳ ಹೊತ್ತು ಮಾತಾಡಿದರು. ಅದರಲ್ಲಿ ಒಳ್ಳೆಯ ಮಾತು ಒಂದೂ ಇರಲಿಲ್ಲ. ಊರಿಗೆ ಹೋದ ಮೇಲೆ ಇಬ್ಬರಿಗೂ ಕಾದಿದೆ ಎಂಬುದು ಮಾತ್ರ ಸ್ಪಷ್ಟವಾಯಿತು. ಗಡಿಬಿಡಿ ಫೋನು ಜೇಬಿಗಿಟ್ಟು, ಟೀಶರ್ಟಿನ ತೋಳು ಮಡಚಿ, ಏಣಿ ಹತ್ತಿದ.

ದೊಡ್ಡ ಟೀಚರ್ ಕೆಳಗೆ ನಿಂತು ಪ್ಯಾನೆಲ್ ಒಂದೊಂದು ಉತ್ತರಕ್ಕೆ ದಾಟಿದಾಗಲೂ ಥ್ಯಾಂಕ್ಸ್, ಥ್ಯಾಂಕ್ಸ್ ಅನ್ನುತ್ತಿದ್ದರು. ಆ ಥ್ಯಾಂಕ್ಸು ಅಕ್ಕನಿಗೆ ಚುಚ್ಚುತ್ತಿತ್ತು. ಕೊನೆಗೆ ಅವಳು ಮೇಲಿನಿಂದಲೇ ಬಗ್ಗಿ ಕೇಳಿದಳು: "ಟೀಚರ್, ಎಲ್ಲಾದ್ರೂ ತಪ್ಪಿದ್ರೆ ಹೇಳಿ. ನಾವೇನೂ ಬಿಚ್ಚಿಕೊಂಡು ಹೋಗಲ್ಲ. ಆಣೆಗೂ."

ದೊಡ್ಡ ಟೀಚರ್ ಒಳಗೆ ಹೋದರು. ಸಂಜೆಯಾಗುತ್ತಾ ಬಂತು. ಕೊನೆಯ ಪ್ಯಾನೆಲ್ಲು ಕೂತು ಮೀಟರಿನ ಮುಳ್ಳು ಜಿಗಿದು ನಿಂತಿತು. ಹುಡುಗರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ತರಗತಿಯೊಂದರ ಬಾಗಿಲು ದಢಾರನೆ ತೆರೆಯಿತು.

"ಯಾರ್ರೀ ಅದು ಹಳೇ ಬೋಲ್ಟಿನ ತೂತು ಮುಚ್ಚದೇ ಬಿಟ್ಟಿರೋದು?" ವಾರದಿಂದ ಪಿಸುಗುಟ್ಟುತ್ತಿದ್ದ ದೊಡ್ಡ ಟೀಚರ್, ಅಂಗಳದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಒಳಗಿಂದ ನೋಡಿದ್ರೆ ಆಕಾಶ ಕಾಣಿಸುತ್ತೆ! ಮಳೆ ಬಂದ್ರೆ ನೀರು ಬೀಳೋದು ನನ್ನ ಮಕ್ಕಳ ತಲೆ ಮೇಲೆ, ನಿಮ್ಮ ತಲೆ ಮೇಲಲ್ಲ. ಎಲ್ಲಾ ಮುಚ್ಚಿ. ಮುಚ್ಚೋವರೆಗೂ ನಿಮ್ಮ ಬಸ್ಸಿಗೆ ಗೇಟು ತೆಗೆಯಲ್ಲ!"

ಚಪ್ಪಾಳೆ ನಿಂತಿತು. ಹುಡುಗರು ಗಾಬರಿಯಾದರು. ಅಕ್ಕನ ಕಣ್ಣು ತುಂಬಿ ಬಂದು ಸ್ಪ್ಯಾನರೇ ಕಾಣದ ಹಾಗಾಯಿತು. ಅವಳು ಛಾವಣಿಯ ಅಂಚಿಗೆ ತೆವಳಿಕೊಂಡು ಬಂದು, ಕಿವಿಗೆ ಕೈ ಒಡ್ಡಿ ಕೂಗಿದಳು:

"ಕೇಳಿಸ್ತಿಲ್ಲ ಟೀಚರ್, ಇನ್ನೂ ಜೋರಾಗಿ ಹೇಳಿ!"